ಹಿಟ್ಟಿನ ಡಬ್ಬಿಗೆ ತಾರೀಖು ಏಕಿಲ್ಲ?

ನಮ್ಮ ಬಸದಿಗಳಲ್ಲಿ ಫ್ಯಾನಿನ ಎಲೆಯ ಮೇಲೆ ದಾನಿಗಳ ಹೆಸರಿದೆ. ಗೋಡೆ ಗಡಿಯಾರದ ಮೇಲಿದೆ, ಕಪಾಟಿನ ಬಾಗಿಲ ಮೇಲಿದೆ, ಊಟದ ತಟ್ಟೆಯ ಅಂಚಿನಲ್ಲಿಯೂ ಇದೆ. ಅದೇ ಬಸದಿಯ ಭೋಜನಶಾಲೆಯ ಉಗ್ರಾಣಕ್ಕೆ ಹೋಗಿ ಗೋದಿ ಹಿಟ್ಟಿನ ಡಬ್ಬಿಯ ಮುಂದೆ ನಿಂತು ನೋಡಿ. ಆ ಹಿಟ್ಟನ್ನು ಎಂದು ಬೀಸಿದರೆಂದು ತಿಳಿಸುವ ಒಂದಕ್ಷರವೂ ಅಲ್ಲಿ ಇರುವುದಿಲ್ಲ. ಎಂದೆಂದಿಗೂ ಅಳಿಯಬಾರದೆಂದು ನಾವು ಬಯಸುವುದನ್ನೆಲ್ಲ ಕೊರೆಯಿಸಿದ್ದೇವೆ. ಮೂರು ದಿನಕ್ಕೊಮ್ಮೆ ಅಳಿಸಿ ಮತ್ತೆ ಬರೆಯಬೇಕಾದುದನ್ನು ಮಾತ್ರ ಬರೆಯುವುದೇ ಇಲ್ಲ. ಮನೆಗಳ ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿಲ್ಲ.

ಈ ಲೇಖನದ ವಾದ ಚಿಕ್ಕದು. ಪ್ರತಿಯೊಂದು ಶ್ರಾವಕರ ಮನೆಯ ಅಡುಗೆಮನೆಯಲ್ಲಿಯೂ ಪ್ರತಿಯೊಂದು ಟ್ರಸ್ಟಿನ ಉಗ್ರಾಣದಲ್ಲಿಯೂ ಬರೆದು ಒರೆಸಿ ಮತ್ತೆ ಬರೆಯಬಹುದಾದ ಬಿಲ್ಲೆಗಳು ಇರಬೇಕು. ಅವುಗಳ ಮೇಲೆ ಪದಾರ್ಥದ ಹೆಸರಿಗಿಂತ ಮೊದಲು ತಾರೀಖು ಇರಬೇಕು. ಇದು ಅಂದಚಂದದ ವಿಷಯವಲ್ಲ, ಆಧುನಿಕತೆಯ ಷೋಕಿಯೂ ಅಲ್ಲ. ನಾವು ಪಾಲಿಸುತ್ತೇವೆಂದು ಹೇಳಿಕೊಳ್ಳುವ ಆಹಾರಮರ್ಯಾದೆಗೆ ಇದುವೇ ಸಾಕ್ಷಿ. ಈ ಮಾತನ್ನು ಆಡಿದಾಗಲೆಲ್ಲ ಹಿರಿಯರು ಕೆಲವರು ನಗುತ್ತಾರೆ, ಕಿರಿಯರು ಕೆಲವರು ಬೇರೊಂದು ಕಾರಣಕ್ಕೆ ಹಿಗ್ಗುತ್ತಾರೆ. ಇಬ್ಬರಿಗೂ ಉತ್ತರ ಕೊಡುವುದು ಅಗತ್ಯ.

ಮೊದಲು ಲೆಕ್ಕವನ್ನು ನೋಡೋಣ. ನಮ್ಮ ದಿಗಂಬರ ಶ್ರಾವಕರಲ್ಲಿ ರೂಢಿಯಲ್ಲಿರುವ ಮರ್ಯಾದೆಯಂತೆ ಬೀಸಿದ ಹಿಟ್ಟು ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಮಾತ್ರ ಬಳಕೆಗೆ ಯೋಗ್ಯ. ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಲವಂಗ ಮೊದಲಾದವನ್ನು ಹಾಕಿ ಪ್ರಾಸುಕ ಮಾಡಿದ ನೀರಿಗೆ ಎರಡು ಪ್ರಹರ, ಅಂದರೆ 6 ಗಂಟೆ. ಕುದಿಸಿದ ನೀರಿಗೆ ಎಂಟು ಪ್ರಹರ, ಅಂದರೆ 24 ಗಂಟೆ. ಕಾಯಿಸಿದ ಹಾಲಿಗೂ 24 ಗಂಟೆ. ಋತುಗಳ ಗಡಿಯೂ ನಿಶ್ಚಿತವಾಗಿದೆ. ಆಷಾಢ, ಕಾರ್ತಿಕ, ಫಾಲ್ಗುಣ ಮಾಸಗಳ ಹುಣ್ಣಿಮೆಗೆ ಅಷ್ಟಾಹ್ನಿಕ ಪರ್ವ ಮುಗಿದಂತೆ ಒಂದು ಲೆಕ್ಕ ಮುಗಿದು ಮತ್ತೊಂದು ಲೆಕ್ಕ ಆರಂಭವಾಗುತ್ತದೆ.

ಇದರಲ್ಲಿ ಗಮನಿಸಬೇಕಾದುದು ಏನೆಂದರೆ, ಈ ನಿಯಮಗಳೆಲ್ಲ ಕಾಲದ ನಿಯಮಗಳು. ಹಿಟ್ಟು ಕೆಟ್ಟಿದೆಯೇ ಎಂದು ಮೂಗು ಹೇಳುವ ಮೊದಲೇ ಮರ್ಯಾದೆ ಮುಗಿದಿರುತ್ತದೆ. ಮಳೆಗಾಲದ ನಾಲ್ಕನೆಯ ದಿನದ ಹಿಟ್ಟು ಮೂರನೆಯ ದಿನದ ಹಿಟ್ಟಿನಂತೆಯೇ ಕಾಣುತ್ತದೆ, ಹಾಗೆಯೇ ವಾಸನೆ ಕೊಡುತ್ತದೆ. ಸೆಕೆಯೂ ತೇವವೂ ಕೂಡಿದಾಗ ಹಿಟ್ಟಿನ ಹುಳುವಿನ ಮೊಟ್ಟೆ ಬೇಗ ಒಡೆಯುತ್ತದೆಂಬುದನ್ನು ಕೀಟಶಾಸ್ತ್ರವೂ ಒಪ್ಪುತ್ತದೆ. ಆದರೆ ಆ ಮೊಟ್ಟೆ ಕಣ್ಣಿಗೆ ಬೀಳುವುದಿಲ್ಲ. ಹೀಗಿರಲು, 'ನಮ್ಮ ಅಜ್ಜಿ ಮೂಸಿ ನೋಡಿಯೇ ಹೇಳುತ್ತಿದ್ದರು, ಚೀಟಿ ಏತಕ್ಕೆ?' ಎಂಬ ಮಾತಿಗೆ ಬೆಲೆಯಿಲ್ಲ. ಅಜ್ಜಿ ಮೂಸಿ ಹೇಳುತ್ತಿರಲಿಲ್ಲ, ಎಣಿಸಿ ಹೇಳುತ್ತಿದ್ದರು. ಬೀಸುವ ಕಲ್ಲು ಮನೆಯಲ್ಲಿಯೇ ಇತ್ತು, ಬೀಸಿದವರು ಅವರೇ, ರೊಟ್ಟಿ ತಟ್ಟಿದವರೂ ಅವರೇ. ಲೆಕ್ಕ ಅವರ ತಲೆಯಲ್ಲಿತ್ತು.

ಇಂದು ಸ್ಥಿತಿ ಹಾಗಿಲ್ಲ. ಗಿರಣಿಗೆ ಹೋಗುವವನು ಮಗ, ಡಬ್ಬಿಗೆ ತುಂಬುವವಳು ಕೆಲಸದಾಕೆ, ಕಲಸುವವಳು ಕಚೇರಿಯಿಂದ ಬಂದ ಸೊಸೆ, ಮರ್ಯಾದೆ ಕೇಳುವವರು ಅತ್ತೆ. ನಾಲ್ಕು ಕೈ ದಾಟಿದ ಪದಾರ್ಥಕ್ಕೆ ಒಂದೇ ತಲೆಯ ಲೆಕ್ಕ ಸಾಲದು. ಇದಕ್ಕೆ ರೆಫ್ರಿಜರೇಟರು ಇನ್ನಷ್ಟು ಗೊಂದಲ ಸೇರಿಸಿದೆ. ತಣ್ಣಗಿರುವುದೆಲ್ಲ ಹೊಸದೆಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ. ನಿನ್ನೆಯ ಹಾಲು, ಇಂದಿನ ಹಾಲು ಒಂದೇ ಬಗೆಯ ಪಾತ್ರೆಗಳಲ್ಲಿ ಅಕ್ಕಪಕ್ಕ ಕುಳಿತಿರುತ್ತವೆ. ಕೇಳಿದರೆ ಉತ್ತರ: 'ಇದು ಇಂದಿನದೇ ಇರಬೇಕು.' ಈ 'ಇರಬೇಕು' ಎಂಬ ಒಂದು ಶಬ್ದದ ಮೇಲೆ ನಮ್ಮ ಶುದ್ಧಿಯೆಲ್ಲ ನಿಂತಿದೆ.

ಇದರ ಗಾಂಭೀರ್ಯ ತಿಳಿಯಬೇಕಾದರೆ ಆಹಾರದಾನದ ಸಮಯವನ್ನು ನೆನೆಯಬೇಕು. ಮುನಿಗಳನ್ನು ಪಡಗಾಹಿಸಿ, ನವಧಾಭಕ್ತಿಯನ್ನು ಪೂರೈಸುತ್ತ, ದಾತೃವು ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿಗಳೊಡನೆ ಆಹಾರಜಲವೂ ಶುದ್ಧವಾಗಿದೆಯೆಂದು ಕೈಮುಗಿದು ಹೇಳುತ್ತಾನೆ. ಅದು ಉಪಚಾರದ ಮಾತಲ್ಲ. ಮಹಾವ್ರತಿಗಳು ಅದನ್ನು ನಂಬಿ ಕೈಯೊಡ್ಡುತ್ತಾರೆ. ಆ ಮಾತನ್ನು ಮುಂದೆ ನಿಂತು ಹೇಳುವ ಯಜಮಾನನನ್ನು ಕೇಳಿ: ಹಿಟ್ಟು ಎಂದಿನದು? ನೀರು ಕಾಯಿಸಿದ್ದು ಎಷ್ಟು ಗಂಟೆಗೆ? ಅವನು ಒಳಗೆ ತಿರುಗಿ ನೋಡುತ್ತಾನೆ. ತನಗೆ ತಿಳಿಯದುದನ್ನು ತಿಳಿದವನಂತೆ ಹೇಳಿದ ವಚನವು ಶುದ್ಧವಾಗುವುದು ಹೇಗೆ? ಆಹಾರಶುದ್ಧಿ ಇದ್ದರೂ ಇರಬಹುದು, ವಚನಶುದ್ಧಿಯಂತೂ ಅಲ್ಲಿಗೇ ಹೋಯಿತು.

ಇಲ್ಲಿ ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಧರ್ಮ ಮನೆಯವರೆಲ್ಲರದು, ಎಣಿಕೆ ಮಾತ್ರ ಮನೆಯ ಹೆಂಗಸರದು ಎಂಬ ವ್ಯವಸ್ಥೆಯನ್ನು ನಾವು ಗಂಡಸರು ಬಹಳ ಕಾಲದಿಂದ ಅನುಭವಿಸುತ್ತ ಬಂದಿದ್ದೇವೆ. ಶುದ್ಧವಾಗಿ ಉಂಡ ಪುಣ್ಯ ನಮ್ಮದು. ಯಾವುದೋ ಒಂದು ದಿನ ಲೆಕ್ಕ ತಪ್ಪಿದರೆ ದೋಷ ಅವರದು. ಮನೆಯ ಹಿರಿಯಾಕೆ ಹಾಸಿಗೆ ಹಿಡಿದರೆ, ಅಥವಾ ಅವರ ನೆನಪು ಮಸುಕಾದರೆ, ಆ ಮನೆಯ ಆಹಾರಮರ್ಯಾದೆ ಒಂದೇ ವಾರದಲ್ಲಿ ಅಸ್ತವ್ಯಸ್ತವಾಗುತ್ತದೆ. ಮೂವತ್ತು ವರ್ಷ ನಡೆದುಬಂದ ಶುದ್ಧಿ ಎಲ್ಲಿಯೂ ಬರೆದಿಟ್ಟಿರಲಿಲ್ಲ, ಆದುದರಿಂದ ಯಾರ ಕೈಗೂ ಸಿಗಲಿಲ್ಲ. ಬಿಲ್ಲೆಯ ಮೇಲೆ ಬರೆದ ತಾರೀಖು ಈ ಲೆಕ್ಕವನ್ನು ಒಬ್ಬಾಕೆಯ ತಲೆಯಿಂದ ಇಳಿಸಿ ಮನೆಯವರೆಲ್ಲರ ಕಣ್ಣ ಮುಂದೆ ಇಡುತ್ತದೆ. ಹತ್ತು ವರ್ಷದ ಮೊಮ್ಮಗನೂ ಓದಿ ಹೇಳಬಲ್ಲ. ಗಂಡಸಿಗೆ 'ನನಗೆ ಗೊತ್ತಿರಲಿಲ್ಲ' ಎನ್ನುವ ಅವಕಾಶ ಉಳಿಯುವುದಿಲ್ಲ. ಕೆಲವರಿಗೆ ಈ ಬಿಲ್ಲೆ ಹಿಡಿಸದಿರುವುದಕ್ಕೆ ನಿಜವಾದ ಕಾರಣ ಇದೇ ಇರಬಹುದೆಂದು ನನಗೆ ಸಂಶಯ.

'ಮನೆಯೇನು ಅಂಗಡಿಯೇ?' ಎಂಬುದು ಹಿರಿಯರ ಮೊದಲ ಆಕ್ಷೇಪ. ನಾನು ಅಂಗಡಿಯವನೇ, ಆದ್ದರಿಂದಲೇ ಕೇಳುತ್ತೇನೆ. 1977ರ ಪೊಟ್ಟಣ ಪದಾರ್ಥಗಳ ನಿಯಮಗಳಿಂದ ಮೊದಲ್ಗೊಂಡು 2011ರ ಕಾನೂನು ಮಾಪನ ನಿಯಮಗಳವರೆಗೆ, ಪೊಟ್ಟಣದ ಮೇಲೆ ತೂಕ, ಬೆಲೆ, ತಯಾರಕರ ವಿಳಾಸಗಳ ಜೊತೆಗೆ ಕಾಲವನ್ನೂ ನಮೂದಿಸಬೇಕೆಂದು ಸರ್ಕಾರ ವಿಧಿಸಿತು. 2020ರ ಅಕ್ಟೋಬರ್ 1ರಿಂದ ಮಿಠಾಯಿ ಅಂಗಡಿಯ ಬಿಡಿ ಸಿಹಿತಿಂಡಿಗಳ ತಟ್ಟೆಗೂ 'ಇಂಥ ದಿನದೊಳಗೆ ಬಳಸಿ' ಎಂಬ ತಾರೀಖನ್ನು ಇಡಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿತು. ತಾರೀಖಿಲ್ಲದ ಪೊಟ್ಟಣವನ್ನು ಮಾರಿದರೆ ನಮ್ಮಂಥವರಿಗೆ ದಂಡ ಬೀಳುತ್ತದೆ. ದಂಡದ ಭಯವಿರುವ ಅಂಗಡಿಯಲ್ಲಿ ತಾರೀಖಿದೆ, ವ್ರತದ ಹಂಗಿರುವ ಮನೆಯಲ್ಲಿ ಇಲ್ಲ ಎಂದರೆ, ನಮ್ಮ ಮನಸ್ಸಿನಲ್ಲಿ ವ್ರತಕ್ಕಿಂತ ದಂಡವೇ ದೊಡ್ಡದೆಂದು ಅರ್ಥವಾಗುವುದಿಲ್ಲವೇ?

ಅದಕ್ಕಿಂತ ವಿಚಿತ್ರವೆಂದರೆ, ಕೊಂಡು ತಂದ ಪದಾರ್ಥದ ತಾರೀಖನ್ನು ನಾವು ಮನೆಗೆ ಬಂದ ಕೂಡಲೇ ನಾಶಪಡಿಸುತ್ತೇವೆ. ಪೊಟ್ಟಣ ಕತ್ತರಿಸಿ ಡಬ್ಬಿಗೆ ಸುರಿದು, ತಾರೀಖಿರುವ ಕಾಗದವನ್ನು ಕಸದ ಬುಟ್ಟಿಗೆ ಹಾಕುತ್ತೇವೆ. ಇನ್ನೂ ದೊಡ್ಡ ತಪ್ಪೆಂದರೆ ಹಳೆಯದರ ಮೇಲೆ ಹೊಸದನ್ನು ಸುರಿಯುವುದು. ತಳದಲ್ಲಿ ಉಳಿದ ಒಂದು ಬೊಗಸೆ ಹಿಟ್ಟಿನ ವಯಸ್ಸು ಎಷ್ಟೆಂದು ಆ ಮೇಲೆ ಯಾರೂ ಹೇಳಲಾರರು. ಹಳೆಯದು ಮೊದಲು ಹೋಗಬೇಕು, ಹೊಸದು ಅನಂತರ ಎಂಬುದನ್ನು ಸರಕಿನ ಲೆಕ್ಕದ ಮೊದಲ ಪಾಠವಾಗಿ ವಾಣಿಜ್ಯ ಪದವಿಯ ತರಗತಿಯಲ್ಲಿ ಕಲಿಸುತ್ತಾರೆ. ಗೋದಾಮಿನ ಪ್ರತಿಯೊಂದು ಅಂಕಣಕ್ಕೂ ಬಿನ್ ಕಾರ್ಡ್ ಎಂಬ ಪಟ್ಟಿಯನ್ನು ತೂಗುಹಾಕಿ ಬಂದದ್ದು, ಹೋದದ್ದು, ಉಳಿದದ್ದು ಎಂದು ಬರೆಯುವ ಪದ್ಧತಿಯೂ ಇದೆ. ಲಾಭಕ್ಕಾಗಿ ಅಷ್ಟು ಜಾಗರೂಕತೆ ಇರುವವರಿಗೆ ಅಹಿಂಸೆಗಾಗಿ ಒಂದು ಸಾಲು ಬರೆಯುವುದು ಹೊರೆಯಾಗಬಾರದು.

ಇನ್ನು ಶಾಸ್ತ್ರದ ಮಾತು. ಆದಾನನಿಕ್ಷೇಪಣ ಸಮಿತಿ, ಅಂದರೆ ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ನೋಡಿ ನಡೆಯುವುದು, ಮುನಿಗಳಿಗೆ ವಿಧಿಸಿದ್ದು ನಿಜ. ಆದರೆ ಪ್ರೋಷಧೋಪವಾಸದ ಅತಿಚಾರಗಳನ್ನು ಹೇಳುವಾಗ ಉಮಾಸ್ವಾಮಿಗಳು ನೋಡದೆ ಒರೆಸದೆ ವಸ್ತುವನ್ನು ತೆಗೆದುಕೊಳ್ಳುವುದನ್ನು ಶ್ರಾವಕನಿಗೂ ದೋಷವೆಂದೇ ಎಣಿಸಿದ್ದಾರೆ. ಉಕ್ಕಿನ ಡಬ್ಬಿಯೊಳಗೆ ಏನಿದೆಯೆಂದು ಹೊರಗೆ ಕಾಣದು. ಒಂದು ಪದಾರ್ಥ ಹುಡುಕಲು ಆರು ಮುಚ್ಚಳ ತೆರೆಯುತ್ತೇವೆ. ತೆರೆದಷ್ಟು ಸಲ ಗಾಳಿ, ತೇವ, ಸೂಕ್ಷ್ಮಜೀವಿಗಳಿಗೆ ದಾರಿ ಮಾಡುತ್ತೇವೆ. ಹೊರಗೆ ಬರೆದಿದ್ದರೆ ಒಂದನ್ನೇ ತೆರೆಯುತ್ತಿದ್ದೆವು. ಪರಿಗ್ರಹಪರಿಮಾಣದ ಮಾತೂ ಇದಕ್ಕೆ ಹೊಂದುತ್ತದೆ. ಧನಧಾನ್ಯಾದಿಗಳ ಪ್ರಮಾಣವನ್ನು ಮೀರುವುದು ಅತಿಚಾರವೆಂದಾದರೆ, ಇರುವುದೆಷ್ಟೆಂದು ತಿಳಿಯದವನು ಮೀರಿದ್ದನ್ನು ತಿಳಿಯುವುದು ಹೇಗೆ? ಉಗ್ರಾಣದ ಹಿಂದಿನ ಸಾಲಿನಲ್ಲಿ ತೊಗರಿಬೇಳೆ ಇರುವಾಗಲೇ ಮತ್ತೆ ಐದು ಕಿಲೋ ತರಿಸುವ ಮನೆಗಳನ್ನು ನಾವೆಲ್ಲ ಬಲ್ಲೆವು.

ಬರೆಯಬೇಕು ಎಂದಮಾತ್ರಕ್ಕೆ ಯಾವುದರ ಮೇಲಾದರೂ ಬರೆದರೆ ಸಾಲದು. ಒರೆಸಲು ಬರುವಂತೆ ಬರೆಯಬೇಕು ಎಂಬುದೇ ನನ್ನ ವಾದದ ತಿರುಳು. ಅಂಟಿಸಿದ ಕಾಗದದ ಚೀಟಿ ಒಂದೇ ಸಲ ಸತ್ಯ ಹೇಳುತ್ತದೆ. ಡಬ್ಬಿ ಬರಿದಾಗಿ ಬೇರೊಂದು ತುಂಬಿದ ಮೇಲೂ ಅದು ಹಳೆಯ ಹೆಸರನ್ನೂ ಹಳೆಯ ತಾರೀಖನ್ನೂ ಸಾರುತ್ತಲೇ ಇರುತ್ತದೆ. 'ಸಕ್ಕರೆ' ಎಂದು ಬರೆದ ಡಬ್ಬಿಯಲ್ಲಿ ಉಪ್ಪು, 'ರವೆ' ಎಂದು ಬರೆದುದರಲ್ಲಿ ಕಡಲೆಹಿಟ್ಟು ಇರುವುದು ಮನೆಮನೆಯ ಹಾಸ್ಯವಾಗಿದೆ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ, ಒಂದೆಂಬುದನ್ನು ನಾವು ಮರೆಯಬಾರದು. ವಂಚಿಸುವ ಉದ್ದೇಶವಿಲ್ಲದ ಕಾರಣ ಹಳೆಯ ಚೀಟಿಯನ್ನು ಪೂರ್ಣ ಕೂಟಲೇಖವೆನ್ನಲಾಗದು. ಆದರೆ ಪ್ರಮಾದದಿಂದ ಉಳಿದ ಸುಳ್ಳೂ ಓದಿದವನನ್ನು ದಾರಿ ತಪ್ಪಿಸುತ್ತದೆ. ಅರ್ಧ ಕಿತ್ತ ಚೀಟಿಯ ಅಂಟಿಗೆ ಸಣ್ಣ ಇರುವೆಗಳು ಸಿಕ್ಕಿ ಸಾಯುವುದನ್ನೂ ಅಡುಗೆಮನೆಯವರು ಕಂಡಿರುತ್ತಾರೆ. ಪ್ರಾಣಿಗಳ ಮೂಳೆ ಚರ್ಮಗಳನ್ನು ಕುದಿಸಿ ತೆಗೆಯುವ ಅಂಟೂ ಲೋಕದಲ್ಲಿದೆ. ಚೀಟಿಯ ಅಂಟು ಯಾವುದೆಂದು ಚೀಟಿಯ ಪೊಟ್ಟಣ ಹೇಳುವುದಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳ ಮಿತಿಯನ್ನು ವಿವರಿಸುತ್ತ ಯಮ, ನಿಯಮಗಳೆಂದು ಎರಡು ಬಗೆ ಮಾಡಿದ್ದಾರೆ. ಜೀವನಪರ್ಯಂತ ಹಿಡಿದದ್ದು ಯಮ. ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು ಎಂದು ಅವಧಿಯಿಟ್ಟು ಹಿಡಿದದ್ದು ನಿಯಮ. ಬರಹಕ್ಕೂ ಈ ವಿಭಾಗ ಒಪ್ಪುತ್ತದೆ. ಶ್ರವಣಬೆಳಗೊಳದ ಐನೂರಕ್ಕೂ ಹೆಚ್ಚಿನ ಶಾಸನಗಳಲ್ಲಿ ಅನೇಕವು ಸಲ್ಲೇಖನವ್ರತದಿಂದ ದೇಹ ತ್ಯಜಿಸಿದವರ ಸ್ಮರಣೆಗೆ ನಿಂತಿವೆ. ಅದು ಯಾವಜ್ಜೀವದ ವ್ರತ. ಬಂಡೆಯ ಮೇಲೆ ಇರುವುದೇ ಸರಿ. ಮೂರು ದಿನದ ಹಿಟ್ಟಿಗೂ ಒಂದು ಪಕ್ಷದ ಉಪ್ಪಿನ ತ್ಯಾಗಕ್ಕೂ ಬಳಪದ ಬರಹವೇ ಸರಿ. ಅವಧಿ ಮುಗಿದ ಮೇಲೆ ಬರಹವೂ ಮುಗಿಯಬೇಕು.

ಇದೇನೂ ಪರದೇಶದಿಂದ ಬಂದ ಉಪಾಯವಲ್ಲ. ನಮ್ಮ ನಾಡಿನ ವರ್ತಕರು ಕಡತವನ್ನು ಬಳಸುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಕಪ್ಪಾಗಿ ಗಟ್ಟಿಯಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದಾಗ ಒರೆಸಿ ಮತ್ತೆ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಆಕರಗಳಾಗಿವೆ. ಇಂದು ಆ ಹೆಸರು ಸರ್ಕಾರಿ ಕಚೇರಿಯ ಫೈಲಿಗೆ ಮಾತ್ರ ಉಳಿದಿದೆ. ಅಂಟೂ ಸಸ್ಯದ್ದು, ಬಟ್ಟೆಯೂ ಮನೆಯದ್ದು ಆಗಿದ್ದ ಆ ಸಾಧನವನ್ನು ಬಳಸಿದ ವರ್ತಕರ ವಂಶದವರು ನಾವು. ಒರೆಸಿ ಬರೆಯುವುದು ನಮಗೆ ಹೊಸ ವಿದ್ಯೆಯಲ್ಲ.

ಈಗ ಕಿರಿಯರ ಕಡೆಗೆ ತಿರುಗೋಣ. ಅವರು ಲೇಬಲ್ಲನ್ನು ವಿರೋಧಿಸುವುದಿಲ್ಲ, ಅತಿಯಾಗಿ ಪ್ರೀತಿಸುತ್ತಾರೆ. ಒಂದೇ ಅಳತೆಯ ನಲವತ್ತು ಗಾಜಿನ ಭರಣಿ, ಅವುಗಳಿಗೆ ಒಪ್ಪುವ ಅಂದದ ಪಟ್ಟಿಗಳು, ಹೊಳೆಯುವ ಶಾಯಿಯ ಲೇಖನಿಗಳು ಮನೆಗೆ ಬರುತ್ತವೆ. ಇದ್ದ ಡಬ್ಬಿಗಳು ಅಟ್ಟಕ್ಕೇರುತ್ತವೆ. ಪಟ್ಟಿಯ ಮೇಲೆ 'ಜೀರಿಗೆ', 'ಸಾಸಿವೆ' ಎಂದು ಸುಂದರವಾಗಿ ಬರೆದಿರುತ್ತದೆ. ತಾರೀಖು ಇರುವುದಿಲ್ಲ, ಏಕೆಂದರೆ ತಾರೀಖು ಬರೆದರೆ ಅಂದ ಕೆಡುತ್ತದೆ! ಜೀರಿಗೆಯನ್ನು ಜೀರಿಗೆಯೆಂದು ಗುರುತಿಸಲು ಯಾವ ಗೃಹಿಣಿಗೂ ಪಟ್ಟಿ ಬೇಡ. ಪರಿಗ್ರಹವೆಂದರೆ ವಸ್ತುವಿನಲ್ಲಿ ಮಮತೆಯೇ ಹೊರತು ವಸ್ತುವಿನ ಸಂಖ್ಯೆಯಷ್ಟೇ ಅಲ್ಲವೆಂದು ಶಾಸ್ತ್ರ ಹೇಳಿದೆ. ವ್ಯವಸ್ಥೆಯ ಹೆಸರಿನಲ್ಲಿ ಬೆಳೆಯುವ ಮಮತೆಯನ್ನು ವ್ಯವಸ್ಥೆಯೆನ್ನಲಾಗದು. ಇರುವ ಡಬ್ಬಿಗೇ ಬಿಲ್ಲೆ ಕಟ್ಟಿ. ಹೊಸ ಡಬ್ಬಿ ಕೊಳ್ಳುವ ಮೊದಲು ಹಳೆಯವುಗಳನ್ನು ಎಣಿಸಿ.

ಹಾಗೆಯೇ 'ಇದು ನನ್ನದು', 'ಇದು ಅವನದು' ಎಂದು ಮನೆಯ ಕಪಾಟುಗಳಿಗೆಲ್ಲ ಒಡೆಯರ ಹೆಸರು ಬರೆಯುವ ಚಟವೂ ಒಳ್ಳೆಯದಲ್ಲ. ಬಿಲ್ಲೆಯು ಹಕ್ಕನ್ನು ಸಾರಬಾರದು, ಹೊಣೆಯನ್ನು ಸಾರಬೇಕು. ದಶಲಕ್ಷಣ ಪರ್ವದಲ್ಲಿ ಮನೆಯಲ್ಲಿ ಯಾರಿಗೆ ಉಪವಾಸ, ಯಾರಿಗೆ ಏಕಾಶನ, ಯಾರು ಯಾವ ರಸ ಬಿಟ್ಟಿದ್ದಾರೆ ಎಂಬುದನ್ನು ಅಡುಗೆಮನೆಯ ಒಳಗೋಡೆಯ ಪಾಟಿಯ ಮೇಲೆ ಬರೆಯಿರಿ. ಅದು ಅಡುಗೆಯವರಿಗೆ ಉಪಕಾರ. ಅದನ್ನೇ ಹಜಾರದಲ್ಲಿ ತೂಗುಹಾಕಿದರೆ ಮಾನಕಷಾಯಕ್ಕೆ ಉಪಕಾರ.

ಔಷಧಿಗಳ ಪೆಟ್ಟಿಗೆಯನ್ನೂ ಮರೆಯಬೇಡಿ. ಕಣ್ಣಿಗೆ ಹಾಕುವ ಹನಿಗಳ ಶೀಷೆಯ ಮೇಲೆ ಅಚ್ಚಾದ ತಾರೀಖು ಮುಚ್ಚಳ ತೆರೆಯದ ಶೀಷೆಗೆ ಸಂಬಂಧಿಸಿದ್ದು. ತೆರೆದ ಮೇಲೆ ಸಾಮಾನ್ಯವಾಗಿ ನಾಲ್ಕು ವಾರಗಳಲ್ಲಿ ಅದನ್ನು ಬಿಸಾಡಬೇಕೆಂಬ ಸೂಚನೆ ಇರುತ್ತದೆ. ಎಂದು ತೆರೆದೆವೆಂದು ಬರೆದಿಡದಿದ್ದರೆ ಆ ಸೂಚನೆಯಿಂದ ಪ್ರಯೋಜನವೇನು? ವೃದ್ಧ ತಂದೆತಾಯಿಗಳ ಕಣ್ಣಿನ ವಿಷಯದಲ್ಲಿ 'ಇರಬೇಕು' ಎಂಬ ಶಬ್ದ ಸಲ್ಲದು.

ಸಾಧನಗಳು ದುಬಾರಿಯವಲ್ಲ. ಒಡೆದ ಸ್ಲೇಟಿನ ಅಂಚನ್ನು ಉಜ್ಜಿ, ತೂತು ಕೊರೆದು, ನೂಲಿನಿಂದ ಡಬ್ಬಿಯ ಹಿಡಿಗೆ ಕಟ್ಟಿ ಬಳಪದಲ್ಲಿ ಬರೆಯಬಹುದು. ಒರೆಸುವಾಗ ಪುಡಿ ಬೀಳದಂತೆ ಒದ್ದೆ ಬಟ್ಟೆ ಬಳಸಬೇಕು. ರೆಫ್ರಿಜರೇಟರಿನ ತೇವದಲ್ಲಿ ಬಳಪ ನಿಲ್ಲದು. ಅಲ್ಲಿ ಗಾಜಿನ ಅಥವಾ ಉಕ್ಕಿನ ಪಾತ್ರೆಯ ಹೊರಮೈ ಮೇಲೆಯೇ ಮೇಣದ ಪೆನ್ಸಿಲಿನಿಂದ ಬರೆದರೆ ಬಟ್ಟೆಯಿಂದ ಒರೆಸಿ ತೆಗೆಯಬಹುದು. ಆ ಮೇಣ ಖನಿಜದ್ದೋ ಜೇನುಗೂಡಿನದೋ ಎಂದು ಕೊಳ್ಳುವ ಮೊದಲೇ ವಿಚಾರಿಸಿ. ಅಯಸ್ಕಾಂತದ ಪಟ್ಟಿಗಳನ್ನು ಕೊಳ್ಳುವವರು ಮೊದಲು ಪರೀಕ್ಷಿಸಲಿ. ಒಳ್ಳೆಯ ದರ್ಜೆಯ ಸ್ಟೇನ್‌ಲೆಸ್ ಉಕ್ಕಿಗೆ ಅಯಸ್ಕಾಂತ ಹಿಡಿಯುವುದಿಲ್ಲ. ಬರಹದ ಕ್ರಮವೂ ಸರಳ: ಎಂದು ಬೀಸಿದ್ದು ಅಥವಾ ಕಾಯಿಸಿದ್ದು, ಎಂದಿನವರೆಗೆ, ತುಂಬಿದವರ ಮೊದಲಕ್ಷರ. ಡಬ್ಬಿ ಬರಿದಾದೊಡನೆ ಬರಿದು ಮಾಡಿದವರೇ ಬಿಲ್ಲೆಯನ್ನು ಒರೆಸಬೇಕು. ಬರಹವಿಲ್ಲದ ಬಿಲ್ಲೆ ಎಂದರೆ ಬರಿಯ ಡಬ್ಬಿ. ಬರಹವಿಲ್ಲದ ಬಿಲ್ಲೆಯ ಡಬ್ಬಿಯಲ್ಲಿ ಪದಾರ್ಥ ಕಂಡರೆ ಅದು ಚೌಕಕ್ಕೆ ಸಲ್ಲದು. ಈ ಕೊನೆಯ ನಿಯಮವನ್ನು ಸಡಿಲಿಸಿದರೆ ಉಳಿದವುಗಳಿಂದ ಫಲವಿಲ್ಲ.

ಬಸದಿಗಳ ಟ್ರಸ್ಟಿನ ಸದಸ್ಯರಲ್ಲಿ ನನ್ನದು ನೇರವಾದ ಬೇಡಿಕೆ. ಬರುವ ಆಷಾಢ ಹುಣ್ಣಿಮೆಗೆ ಹಿಟ್ಟಿನ ಮರ್ಯಾದೆ 5 ದಿನದಿಂದ 3 ದಿನಕ್ಕೆ ಇಳಿಯುತ್ತದೆ. ಅಷ್ಟರೊಳಗೆ ಉಗ್ರಾಣದ ಪ್ರತಿಯೊಂದು ಡಬ್ಬಿಗೂ ಒಂದು ಬಿಲ್ಲೆ ಬರಲಿ, ನೀರಿನ ಹಂಡೆಯ ಮೇಲೆ ಕಾಯಿಸಿದ ವೇಳೆ ಬರೆಯುವ ಒಂದು ಪಾಟಿ ಬರಲಿ. ವರ್ಷದಲ್ಲಿ ಮೂರು ಹುಣ್ಣಿಮೆಗಳಂದು ಟ್ರಸ್ಟಿನ ಒಬ್ಬ ಸದಸ್ಯರು, ಅಡುಗೆಯವರಲ್ಲ, ಸ್ವತಃ ಸದಸ್ಯರೇ ನಿಂತು ಎಲ್ಲ ಬಿಲ್ಲೆಗಳನ್ನು ಒರೆಸಿ ಹೊಸ ಲೆಕ್ಕ ಬರೆಯಲಿ. ಇದಕ್ಕೆ ತಗಲುವ ವೆಚ್ಚವು ಒಂದು ಫ್ಯಾನಿನ ಬೆಲೆಗಿಂತ ಕಡಿಮೆ. ದಾನಿಗಳು ದೊರೆತರೆ ಸಂತೋಷವೇ. ಆದರೆ ಬಿಲ್ಲೆಯ ಮೇಲೆ ಅವರ ಹೆಸರನ್ನು ಬರೆಯಲು ಜಾಗವಿರುವುದಿಲ್ಲವೆಂದು ಮೊದಲೇ ತಿಳಿಸಿಬಿಡಿ.